ಮುಚ್ಚಿದ ಶೆಡ್ಡಿನ ನೀಲಿ ಹೊಗೆ

ದೇವಿಕೊಪ್ಪಕ್ಕೆ ಮುಂಜಾನೆಯ ಬಸ್ಸು ಬರುವಾಗಲೇ ತುಂಬಿರುತ್ತದೆ. ಕಲಘಟಗಿ ಮುಟ್ಟುವವರೆಗೆ ಒಂಟಿಗಾಲಲ್ಲಿ ನಿಲ್ಲಬೇಕು. ಹೀಗಿರುವಾಗ ಶಮೀಮಾಬಿ ಒಂದು ಹಳೆಯ ಸಣ್ಣ ಕಾರು ಕೊಂಡು, ತಾನೇ ಓಡಿಸತೊಡಗಿದಳು. ಕೇಳಿದವರನ್ನೆಲ್ಲ ಕೂಡಿಸಿಕೊಂಡು ಹೋಗುವಳು, ಸ್ವಸಹಾಯ ಸಂಘದ ಹೆಂಗಸರಿಗೆಲ್ಲ ಹಬ್ಬವಾಯಿತು. ಬಾಜು ಮನೆಯ ರೋಹಿಣಿಯ ಹೊಟ್ಟೆಯಲ್ಲಿ ಮಾತ್ರ ಕೆಂಡ ಬಿತ್ತು.

ರೋಹಿಣಿ ಸಂಘದ ಅಧ್ಯಕ್ಷೆ. ಮೊದಲು ಯಾರಿಗೆ ಏನು ಬೇಕಾದರೂ ಅವಳ ಬಾಗಿಲಿಗೆ ಬರುತ್ತಿದ್ದರು. ಈಗ ಆ ಬಾಗಿಲು ದಾಟಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. ಸ್ವಂತ ಅತ್ತೆ ರೇವವ್ವನೂ ಕಣ್ಣು ತೋರಿಸಿಕೊಳ್ಳಲು ಅದೇ ಕಾರಿನಲ್ಲಿ ಹೋಗಿಬಂದು, "ಅಗದಿ ತೊಟ್ಟಿಲದಾಗ ಕುಂತಂಗ ಆತು ನೋಡು" ಅಂದಳು. ಅವತ್ತೇ ರೋಹಿಣಿ ತಾನೂ ಕಾರು ಕೊಳ್ಳಬೇಕೆಂದು ಹಟ ಹಿಡಿದಳು.

ಎರಡು ತಿಂಗಳು ಗುಟ್ಟಾಗಿ ಕಾರು ಓಡಿಸಲು ಕಲಿತಳು. ಆಮೇಲೆ ಗಂಡ ಸುಭಾಸನ ಬೆನ್ನುಹತ್ತಿದಳು.

"ನಮಗೂ ಗಾಡಿ ಬೇಕ್ರಿ. ಆಕಿ ಗಾಡಿಕಿಂತ ದೊಡ್ಡದು."

"ಹಂಗಾರ ಶಮೀಮಾಬಿನ್ನ ಕರಕೊಂಡು ಹೋಗೂಣು. ತನ್ನ ಅಣ್ಣನ ಗ್ಯಾರೇಜಿನ್ಯಾಗ ಹತ್ತು ವರ್ಷ ಪಾನಾ ಹಿಡದು ಗಾಡಿ ರಿಪೇರಿ ಮಾಡಿದಾಕಿ ಆಕಿ."

"ಆಕಿನ್ನ ಕರದರ ನಾ ಬರೂದಿಲ್ಲ!"

ಹಳೆಯ ಕಾರೊಂದನ್ನು ನೋಡಲು ಇಬ್ಬರೇ ಹೋದರು. ಮಾರುವವನು ಇವರು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದ. ಹೊಗೆಯ ಒಂದು ಎಳೆಯೂ ಇರಲಿಲ್ಲ. ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು. ರೋಹಿಣಿ ಅಲ್ಲೇ ಒಪ್ಪಿದಳು.

ಮರುದಿನ ಮುಂಜಾನೆ ಕೀಲಿ ತಿರುಗಿಸಿದಳು. ಹಿಂದಿನಿಂದ ನೀಲಿ ಹೊಗೆ ಬುಸ್ ಎಂದು ಎದ್ದಿತು. ಸ್ವಲ್ಪ ಹೊತ್ತಿಗೆ ನಿಂತಿತು.

"ಶಮೀಮಾಬಿನ್ನ ಕೇಳೂಣೇನು?" ಅಂದ ಸುಭಾಸ.

"ಆಕಿ ನಗಲಿ ಅಂತೇನು? ತಾನ ನಿಲ್ಲತೈತಿ, ಸುಮ್ನಿರ್ರಿ."

ಅಂದಿನಿಂದ ರೋಹಿಣಿ ಕಾರನ್ನು ಎಮ್ಮೆಯ ಶೆಡ್ಡಿನಲ್ಲಿ ನಿಲ್ಲಿಸಿದಳು. ಬಾಗಿಲು ಹಾಕಿಕೊಂಡು ಚಾಲೂ ಮಾಡುವಳು, ಹೊಗೆ ನಿಂತ ಮೇಲೆ ಹೊರಗೆ ತೆಗೆಯುವಳು. "ಗಾಡಿ ಛಲೋ ಐತಿ ಬಿಡವ್ವಾ" ಎಂದು ಶಮೀಮಾಬಿ ಹೊಗಳಿದಾಗ ರೋಹಿಣಿಯ ಎದೆ ಉಬ್ಬಿತು.

ಐದನೆಯ ದಿನ ಜಿಟಿಜಿಟಿ ಮಳೆ. ಶೆಡ್ಡಿನ ಕಿಟಕಿಗೂ ಗೋಣಿಚೀಲ ತುರುಕಿದ್ದರು. ಮೂಲೆಯಲ್ಲಿ ರೇವವ್ವ ಹಾಲು ಹಿಂಡುತ್ತಿದ್ದಳು. ರೋಹಿಣಿ ಎಂಜಿನ್ ಚಾಲೂ ಮಾಡಿ, ಬಾಗಿಲು ಎಳೆದು, ತಲೆ ಬಾಚಿಕೊಳ್ಳಲು ಒಳಗೆ ಹೋದಳು. ಕಾಲು ಗಂಟೆಯ ಮೇಲೆ ಬಂದು ನೋಡಿದರೆ ಹಾಲು ನೆಲಕ್ಕೆ ಚೆಲ್ಲಿತ್ತು. ಅತ್ತೆ ಗೋದಲಿಗೆ ಒರಗಿ ಬಿದ್ದಿದ್ದಳು.

ರೋಹಿಣಿಯ ಚೀರಾಟ ಕೇಳಿ ಶಮೀಮಾಬಿ ಓಡಿಬಂದಳು. "ಗಾಡಿ ಬಂದ್ ಮಾಡು! ಬಾಗಿಲಾ ಪೂರಾ ತಗೀ!" ಇಬ್ಬರೂ ಸೇರಿ ಮುದುಕಿಯನ್ನು ಬಯಲಿಗೆ ಎಳೆದರು, ಎಮ್ಮೆಯನ್ನೂ ಬಿಚ್ಚಿ ಹೊರಗೆ ಅಟ್ಟಿದರು. ಶಮೀಮಾಬಿಯ ಕಾರು ಕಲಘಟಗಿ ಆಸ್ಪತ್ರೆಯತ್ತ ಓಡಿತು. ತೊಡೆಯ ಮೇಲೆ ಅತ್ತೆಯ ತಲೆ. ಆದರೂ ರೋಹಿಣಿಯ ಕಣ್ಣು ಗೇರು ಬದಲಿಸುತ್ತಿದ್ದ ಆ ಹಗುರ ಕೈಯ ಮೇಲೇ ಹೋಯಿತು. 'ಇಂಥಾ ಹೊತ್ತಿನ್ಯಾಗೂ ನನಗ ಹೊಟ್ಟಿಕಿಚ್ಚಾ?' ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಮ್ಲಜನಕ ಕೊಟ್ಟ ಮೇಲೆ ರೇವವ್ವ ಕಣ್ಣು ಬಿಟ್ಟಳು. "ಕಾರಿನ ಹೊಗಿಯೊಳಗ ವಿಷಗಾಳಿ ಇರತೈತ್ರಿ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಇನ್ನಷ್ಟು ತಡಾ ಆಗಿದ್ರ ಜೀವ ಉಳೀತಿರಲಿಲ್ಲ" ಎಂದರು ಡಾಕ್ಟರು.

"ಶೆಡ್ಡಿನ್ಯಾಗ ಯಾಕ ಚಾಲೂ ಮಾಡಿದಿ ಬೇ?" ಶಮೀಮಾಬಿ ಕೇಳಿದಳು.

"ನೀ ಹೊಗಿ ನೋಡಬಾರದಂತ."

"ಗಾಡಿ ಇವತ್ತ ಹೊರಗ ದಬ್ಬಿ ಬಯಲಾಗ ನಿಲ್ಲಸು," ಅಂದಳು ಶಮೀಮಾಬಿ. "ನಾಳೆ ನಾ ಬರೂತನಕ ಕೀಲಿ ಮುಟ್ಟಬ್ಯಾಡ."

ಮರುದಿನ ಬಂದವಳೇ ಬಾನೆಟ್ಟಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಸುಭಾಸ ಚಾಲೂ ಮಾಡಿದ. ಹೊಗೆ ಕೊಳವೆಯ ಮುಂದೆ ಅವಳು ಹಿಡಿದ ಬಿಳಿ ಹಾಳೆಯ ಮೇಲೆ ಎಣ್ಣೆಯ ಚುಕ್ಕಿಗಳು ಮೂಡಿದವು.

"ಇದು ಎಂಜಿನ್ ಎಣ್ಣಿ ಸುಡೂ ಹೊಗಿ. ರಾತ್ರಿ ನಿಂತಾಗ ವಾಲ್ವಿನ ಸವದ ರಬ್ಬರ್ ಸೀಲಿನಿಂದ ಎಣ್ಣಿ ಒಳಗ ಇಳೀತೈತಿ, ಮುಂಜಾನಿ ಸುಡತೈತಿ. ಓಡಸುವಾಗೂ ನೀಲಿ ಬಂದಿದ್ರ ಪಿಸ್ಟನ್ನಿನ ರಿಂಗ್ ಸವದಿರಬಹುದು, ದೊಡ್ಡ ಕೆಲಸ. ನಿಂದು ಬರೇ ಸೀಲ್ ಇದ್ದಂಗ ಐತಿ. ಗ್ಯಾರೇಜಿನ್ಯಾಗ ಖಾತ್ರಿ ಮಾಡೂಣು."

"ನಿನ್ನ ಗಾಡಿನೂ ಬಿಳಿ ಹೊಗಿ ಬಿಡತೈತಲ್ಲ? ನಾ ದಿನಾ ನೋಡತೇನಿ."

"ದಿನಾ ನೋಡತೀ?" ಶಮೀಮಾಬಿ ನಕ್ಕುಬಿಟ್ಟಳು. "ಅದು ಥಂಡಿಗೆ ಬರೂ ಹಬಿ. ತೆಳ್ಳಗಿರತೈತಿ, ಬಿಸಿ ಆದಮ್ಯಾಲೆ ಹೋಗತೈತಿ. ದಟ್ಟ ಬಿಳಿ ಹೊಗಿ ನಿಲ್ಲಲಾರದ ಬಂದು, ಸಿಹಿ ವಾಸನಿ ಹೊಡದ್ರ, ಎಂಜಿನ್ ತಣ್ಣಗಿಡೂ ನೀರು ಒಳಗ ಸೋರಾಕತ್ತೈತಿ ಅಂತ ಅರ್ಥ. ಆ ಗಾಡಿ ಓಡಸಬಾರದು. ಕರಿ ಹೊಗಿ ಬಂದ್ರ ಪೆಟ್ರೋಲ್ ಹೆಚ್ಚ ಸುಡತೈತಿ, ಮೊದಲ ಏರ್ ಫಿಲ್ಟರ್ ನೋಡಸು."

ಗ್ಯಾರೇಜಿನಲ್ಲಿ ಅದೇ ದೋಷ ಸಿಕ್ಕಿತು. ಸೀಲು ಹಾಕಿಸಿದ ಮೇಲೆ ಹೊಗೆ ನಿಂತಿತು. ರೋಹಿಣಿಯ ಹೊಟ್ಟೆಕಿಚ್ಚು ಪೂರಾ ಆರಿತೆಂದರೆ ಸುಳ್ಳಾದೀತು. ಆದರೆ ಮುಂದಿನ ಸಭೆಯಲ್ಲಿ ಅವಳೇ ಎದ್ದುನಿಂತು ನಡೆದದ್ದನ್ನೆಲ್ಲ ಹೇಳಿದಳು, ಶಮೀಮಾಬಿಯ ಹೆಸರನ್ನೂ ಬಿಡದೆ.

ಈ ಕಥೆ ಓದಿದ ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಕಾರು ನೋಡಲು ಮುಂಜಾನೆಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ವಾಪಸ್ಸು ಬನ್ನಿ, ತಣ್ಣಗಿದ್ದಾಗ ಮತ್ತೆ ಹೋಗಿ. ನಿಮ್ಮೆದುರೇ ಚಾಲೂ ಮಾಡಿಸಿ, ಹೊಗೆಯ ಬಣ್ಣ ನೋಡಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಒಂದು ನಿಮಿಷವೂ ಬೇಡ. ಮತ್ತೆ, ತಿಳಿದವರು ಬಾಜು ಮನೆಯಲ್ಲೇ ಇದ್ದರೆ, ನಾಚಿಕೆ ಬಿಟ್ಟು ಹೋಗಿ ಕೇಳಿ.