ಅಂಚು ಕತ್ತರಿಸಿದ ಕ್ರಯಪತ್ರ

ದರ್ಜಿಯಮ್ಮನ ಗಂಡ ಪುಸ್ತಕ ಬೈಂಡ್ ಮಾಡುವವರು. ಕೈಗೆ ಸಿಕ್ಕ ಕಾಗದಕ್ಕೆಲ್ಲ ರಟ್ಟು ಹಾಕಿ, ಮೂರೂ ಕಡೆ ಅಂಚು ಕತ್ತರಿಸಿ ಒಪ್ಪ ಮಾಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಮಗಳ ಅಂಕಪಟ್ಟಿ, ಕರೆಂಟ್ ಬಿಲ್ಲು, ಕೊನೆಗೆ ತಮ್ಮದೇ ಆಸ್ಪತ್ರೆ ಚೀಟಿಗಳು, ಯಾವುದನ್ನೂ ಬಿಟ್ಟವರಲ್ಲ. ಅವರು ತೀರಿಕೊಂಡ ಐದು ತಿಂಗಳಿಗೆ, ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಗಳಿಗೆ ಬರೆದುಬಿಡೋಣವೆಂದು ದರ್ಜಿಯಮ್ಮ ಕ್ರಯಪತ್ರ ಹಿಡಿದು ನೋಂದಣಿ ಕಚೇರಿಗೆ ಹೋದಳು. ಪತ್ರಕ್ಕೂ ಕೆಂಪು ಬಟ್ಟೆಯ ರಟ್ಟು ಬಿದ್ದಿತ್ತು. ಮಗಳೂ ಜೊತೆಗಿದ್ದಳು.

ಗುಮಾಸ್ತ ಹಾಳೆಗಳನ್ನು ತಿರುವಿ ಕೊನೆಯ ಪುಟದಲ್ಲಿ ನಿಂತ.

“ಅಮ್ಮಾ, ಇದನ್ನ ಯಾರು ಕತ್ತರಿಸಿದ್ದು?”

“ನಮ್ಮನೆಯವ್ರು. ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗೇನೋ ಇದೆ. ಆದ್ರೆ ಮಾರಿದವ್ರ ಹೆಬ್ಬೆಟ್ಟು ಅರ್ಧ ಹಾರಿಹೋಗಿದೆ. ಹೀಗಿದ್ರೆ ನಿಮ್ಮ ಹೆಸರಿಗೂ ಆಗಲ್ಲ, ಮಗಳ ಹೆಸರಿಗೂ ಆಗಲ್ಲ.”

“ನಿಮ್ಮ ಹತ್ರ ನಕಲು ಇರ್ಬೇಕಲ್ಲ?” ಎಂದಳು ಮಗಳು.

“ಇತ್ತು. ಆ ವರ್ಷದ ಪುಸ್ತಕಾನ ಗೆದ್ದಲು ತಿಂದ್ಬಿಟ್ಟಿದೆ. ಮಾರಿದವ್ರನ್ನೇ ಕರ್ಕೊಂಡು ಬನ್ನಿ, ಇನ್ನೊಂದ್ಸಲ ಒತ್ತಿಸೋಣ.”

“ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತಪ್ಪ,” ಎಂದಳು ದರ್ಜಿಯಮ್ಮ. “ಕರ್ಕೊಂಡು ಬರೋಕೆ ನಾನೇ ಹೋಗ್ಬೇಕು.”

ಗುಮಾಸ್ತ ನಗು ತಡೆದುಕೊಂಡು ಪತ್ರ ವಾಪಸು ಕೊಟ್ಟ.

ದಾರಿಯುದ್ದಕ್ಕೂ ಅವಳು ಗಂಡನನ್ನು ಬೈದದ್ದೇ ಬೈದದ್ದು. ಇದ್ದಾಗ ಮನೆ ತುಂಬ ಅಂಟಿನ ವಾಸನೆ, ಹೋದ ಮೇಲೆ ಈ ಫಜೀತಿ. ಬೈಗುಳದ ಅಡಿಯಲ್ಲಿ ಭಯವೂ ಇತ್ತು. ಇಬ್ಬರೂ ದುಡಿದು ಕೊಂಡ ಮನೆ ಬೆರಳಗಲದ ಕಾಗದಕ್ಕೆ ಸಿಕ್ಕಿಬಿದ್ದಿತ್ತು. ನಾಳೆ ತಾನು ಕಣ್ಣು ಮುಚ್ಚಿದರೆ ಮಗಳಿಗೆ ಉಳಿಯುವುದು ಬೀಗದಕೈ ಮಾತ್ರ.

“ಕತ್ತರಿಸಿದ ಚೂರುಗಳನ್ನ ಅಪ್ಪ ಎಸೀತಿದ್ರಾ?” ಎಂದು ಮಗಳು ಕೇಳಿದಳು.

“ನಿಮ್ಮಪ್ಪ? ಎಸೆಯೋದಾ?” ಎಂದವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು. ಆ ಪಟ್ಟಿಗಳನ್ನೆಲ್ಲ ಅವರು ಪುಟದ ಗುರುತಿಗೆಂದು ಅವಳ ಅಳತೆ ಪುಸ್ತಕದೊಳಗೆ ಸಿಕ್ಕಿಸುತ್ತಿದ್ದರು.

ಅಳತೆ ಪುಸ್ತಕವೂ ಅವರೇ ಹೊಲಿದು ಕೊಟ್ಟದ್ದು. ಮೂವತ್ತು ವರ್ಷದ ಗಿರಾಕಿಗಳ ಎದೆ, ತೋಳು, ಸೊಂಟ ತುಂಬಿಕೊಂಡು ಅದು ದಿಂಬಿನಷ್ಟು ದಪ್ಪಗಾಗಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಇಬ್ಬರೂ ಹುಡುಕಿದರು. ಅಂಕಪಟ್ಟಿಯ ಅಂಚು ಸಿಕ್ಕಿತು, ಕರೆಂಟ್ ಬಿಲ್ಲಿನ ಅಂಚು ಸಿಕ್ಕಿತು. ಹೆಬ್ಬೆಟ್ಟಿನ ಸುಳಿವೇ ಇಲ್ಲ.

“ಅಮ್ಮಾ, ಎರಡು ಹಾಳೆ ಒಟ್ಟಿಗೆ ಮಗುಚಿದೆ ನೀನು.”

“ಗೊತ್ತು,” ಎಂದಳು ದರ್ಜಿಯಮ್ಮ. ಅದು ಗಂಡನ ಅಂಗಿಯ ಪುಟ. ಅವರು ಹೋದ ಮೇಲೆ ಅದನ್ನು ನೋಡಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಮಗಳೇ ತೆರೆದಳು. ಹೊಟ್ಟೆಯ ಸುತ್ತಳತೆ ಮೂವತ್ತೆರಡು, ಅದನ್ನು ಹೊಡೆದು ಹಾಕಿ ಮೂವತ್ತಾರು, ಅದನ್ನೂ ಹೊಡೆದು ನಲವತ್ತು. ಪಕ್ಕದಲ್ಲಿ ಅವರ ಗುಂಡು ಅಕ್ಷರ: ‘ಟೇಪು ಸರಿಯಿಲ್ಲ.’ ಅದರ ಕೆಳಗೆ ಮಲಗಿತ್ತು ಹಳದಿ ಪಟ್ಟಿ, ಅರ್ಧ ಹೆಬ್ಬೆಟ್ಟಿನ ಸಮೇತ. ದರ್ಜಿಯಮ್ಮನಿಗೆ ಮೊದಲು ನಗು ಬಂತು. ನಗುತ್ತಲೇ ಅಳು ಬಂತು. ಮಗಳ ಮುಂದೆ ಅದನ್ನು ಮುಚ್ಚಿಟ್ಟುಕೊಳ್ಳುವ ಗೋಜಿಗೆ ಹೋಗಲಿಲ್ಲ.

ಮರುದಿನ ಗುಮಾಸ್ತ ಪಟ್ಟಿಯನ್ನು ಪತ್ರಕ್ಕೆ ತಾಗಿಸಿ ನೋಡಿದ. ಗೆರೆಗೆ ಗೆರೆ ಕೂಡಿತು. ಸಾಹೇಬರೂ ನೋಡಿ ಒಪ್ಪಿದರು. ಅಂಟಿಸಿ ಕೊಟ್ಟರೆ ಮೊಹರು ಹಾಕುತ್ತೇನೆ ಎಂದರು. ಗುಮಾಸ್ತ ಅಂಟಿನ ಶೀಶೆಗೆ ಕೈ ಹಾಕಿದ.

“ಕೊಡಪ್ಪ, ನಾನೇ ಅಂಟಿಸ್ತೀನಿ,” ಎಂದಳು ದರ್ಜಿಯಮ್ಮ. “ಕೂದಲೆಳೆಯಷ್ಟು ಓರೆ ಆದ್ರೂ ಅವ್ರಿಗೆ ಆಗಲ್ಲ.”

ಮನೆಗೆ ಬಂದ ಮೇಲೆ ಮಗಳು ಒಂದು ಕಾಗದದ ಚೂರು ಹರಿದು ತಂದಳು.

“ಅಪ್ಪನ ಪುಟಕ್ಕೆ ಬೇರೆ ಗುರುತು ಇಡ್ಲಾ?”

ದರ್ಜಿಯಮ್ಮ ಅಳತೆ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಕೈ ಬಿಟ್ಟಳು. ಮೂವತ್ತು ವರ್ಷ ತೆರೆದ ಅಭ್ಯಾಸಕ್ಕೆ ಪುಸ್ತಕ ತಾನಾಗಿಯೇ ಆ ಪುಟಕ್ಕೆ ಬಿಚ್ಚಿಕೊಂಡಿತು.

“ಬೇಡ ಬಿಡು,” ಎಂದಳು.