ವಾರಗಿತ್ತಿಯ ಕುದುರೆ

ಹಿಮ ಯಾವಾಗ ಬೀಳುತ್ತದೆ ಎಂದು ತಿಳಿಯಬೇಕಾದರೆ ಲೆಸೊಥೊದ ಆ ಬೆಟ್ಟದೂರಿನವರು ಮೊದಲೆಲ್ಲ ಮಾಪಲೇಸಾಳ ಬಾಗಿಲಿಗೇ ಬರುತ್ತಿದ್ದರು. ಆಡುಗಳ ನಡೆ ನೋಡಿ ಬಿರುಗಾಳಿ ಹೇಳುವುದು ಅವಳಿಗೆ ಅಪ್ಪ ಕಲಿಸಿದ ವಿದ್ಯೆ. ಮೈದುನನ ಹೆಂಡತಿ ಮಾಟುಮೆಲೊ ಊರಿಗೆ ಬಂದ ಮೇಲೆ ಅದೆಲ್ಲ ನಿಂತುಹೋಯಿತು. ಅವಳ ತವರಿನವರು ಕೊಟ್ಟಿದ್ದ ಬೂದು ಬಣ್ಣದ ಹೆಣ್ಣುಕುದುರೆ ಎರಡು ಚಳಿಗಾಲ ಹಿಮಕ್ಕೆ ಮುಂಚೆ ತಾನಾಗಿಯೇ ದೊಡ್ಡಿಗೆ ಓಡಿಬಂದಿತ್ತು. ಜನ ಅದನ್ನೇ ನಂಬಲು ಅಷ್ಟು ಸಾಕಾಯಿತು. ಊರ ಹಿರಿಯ ಕೂಡ ಈಗ ಕುದುರೆಯ ಕ್ಷೇಮ ವಿಚಾರಿಸುತ್ತಿದ್ದ. ನೀರಿನ ಹಾದಿಯಲ್ಲಿ ಮಾಟುಮೆಲೊ ಎದುರಾದರೆ ಮಾಪಲೇಸಾಳಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಅವಳ ಹೊಸ ಕಂಬಳಿ, ಅವಳ ನಗು, ಎಲ್ಲರೂ ಅವಳಿಗೆ ದಾರಿ ಬಿಡುವುದು, ಒಂದೊಂದೂ ಚುಚ್ಚುತ್ತಿತ್ತು.

ಅಲ್ಲಿ ಜುಲೈ ಎಂದರೆ ನಡುಚಳಿಗಾಲ; ಅಂಥ ಒಂದು ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಆದರೂ ಮಾಪಲೇಸಾಳ ಆಡುಗಳು ಇಳಿಜಾರು ಹತ್ತಲೊಲ್ಲದೆ, ಹಿಮಗಾಳಿ ಬರುವ ದಕ್ಷಿಣಕ್ಕೆ ಬೆನ್ನು ಕೊಟ್ಟು ಗೋಡೆಯ ಮರೆಗೆ ಒತ್ತಾಗಿ ನಿಂತವು. ಹಿಮ ಬರುತ್ತಿದೆ ಎಂದು ಅವಳಿಗೆ ತಿಳಿಯಿತು. ಗಂಡ ಸೆಖೊಬೆ, ಮೈದುನ ಇಬ್ಬರೂ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದರು. ಹಿರಿಯ ಗುಡ್ಡದ ತುದಿಯಲ್ಲಿ ಹೊಗೆ ಹಾಕಿಸಿದರೆ ಮಾತ್ರ ಅವರು ಇಳಿದು ಬರುವುದು.

ಅವಳು ಓಡಿಹೋಗಿ ಹಿರಿಯನಿಗೆ ಹೇಳಿದಳು. ಅವನು ಬಯಲಿನ ಕಡೆ ನೋಡಿದ. ಬೂದು ಕುದುರೆ ಆರಾಮಾಗಿ ಮೇಯುತ್ತಿತ್ತು.

"ಅದು ಮೇಯ್ತಾ ಇದೆಯಲ್ಲಮ್ಮ," ಎಂದ. "ನಿನಗ್ಯಾಕೆ ಇಷ್ಟು ಸಂಕಟ?"

ಸುತ್ತ ಇದ್ದ ಹೆಂಗಸರು ಮುಸಿಮುಸಿ ನಕ್ಕರು. ಅವಳ ಹೊಟ್ಟೆಕಿಚ್ಚು ಊರಿಗೇ ಗೊತ್ತಿತ್ತು.

ಮನೆಗೆ ಬಂದು ಸುಮ್ಮನೆ ಕುಳಿತಳು. ಹಿಮ ಬೀಳಲಿ, ಆ ಕುದುರೆಯ ಬಂಡವಾಳ ಬಯಲಾಗಲಿ ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗ ಮನಸ್ಸಿಗೆ ಹಿತವೂ ಆಯಿತು. ಆಮೇಲೆ ಗಂಡನ ಹಳೆಯ ಕಂಬಳಿಯ ತೂತುಗಳು ನೆನಪಾದವು. ಎದ್ದು ಬಳಸುದಾರಿಯಲ್ಲಿ ಬಯಲಿಗೆ ಇಳಿದು, ಬಂಡೆಯ ಮರೆಯಿಂದ ಕುದುರೆಗೆ ಕಲ್ಲು ಬೀಸಿದಳು. ಮೊದಲನೆಯದು ತಾಗಲಿಲ್ಲ. ಎರಡನೆಯದನ್ನು ಇಷ್ಟು ದಿನದ ಉರಿಯೆಲ್ಲ ಸೇರಿಸಿ ಎಸೆದಳು. ಕುದುರೆ ಕೆನೆಯುತ್ತ ದೊಡ್ಡಿಗೆ ಓಡಿತು.

ಅದು ಓಡಿಬಂದದ್ದನ್ನು ಕಂಡ ಹಿರಿಯ ಕೂಡಲೇ ಗುಡ್ಡದ ಮೇಲೆ ಹೊಗೆ ಹಾಕಿಸಿದ. ಗಂಡಸರು ಕುರಿಗಳೊಂದಿಗೆ ಇಳಿದು ಬರುವಷ್ಟರಲ್ಲಿ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಸಂಜೆಗೆ ಹಿಮ ದೊಡ್ಡಿಯ ಗೋಡೆಯ ಎತ್ತರಕ್ಕೆ ಬಿದ್ದಿತ್ತು.

ಹಿಮ ಕರಗಿ ದಾರಿ ತೆರೆದ ದಿನ ಹಿರಿಯ ಕುರಿ ಕಡಿಸಿ, ಕುದುರೆಯ ಹಣೆ ಸವರಿ, ಮಾಟುಮೆಲೊಳಿಗೆ ತೊಡೆಯ ಮಾಂಸ ಕೊಡಿಸಿದ. ಅವಳು ಅದರಲ್ಲಿ ಅರ್ಧ ಹಿಡಿದು ಮಾಪಲೇಸಾಳ ಮನೆಗೆ ಬಂದಳು.

"ಅಕ್ಕಾ, ಕುದುರೆ ತೊಡೆ ಊದಿಕೊಂಡಿದೆ. ಅದು ಸುಮ್ಮನೆ ಓಡಿ ಬಂದದ್ದಲ್ಲ. ಹೊಡೆದದ್ದು ನೀನೇ, ಅಲ್ವಾ?"

"ಹೌದು. ಹೋಗಿ ಎಲ್ಲರ ಮುಂದೆ ಹೇಳು," ಎಂದಳು ಮಾಪಲೇಸಾ ಬಿರುಸಾಗಿ.

ಮಾಟುಮೆಲೊ ನಿಜಕ್ಕೂ ಹೋಗಿ ಹೇಳಿಬಿಟ್ಟಳು: ತನ್ನ ಕುದುರೆಗೆ ಏನೂ ತಿಳಿದಿರಲಿಲ್ಲ, ತಿಳಿದದ್ದು ಅಕ್ಕನಿಗೆ ಎಂದು. ಜನ ಅದನ್ನು ನಂಬದೆ, ಎಷ್ಟು ದೊಡ್ಡ ಮನಸ್ಸಪ್ಪಾ ಈ ಹುಡುಗಿಯದು, ವಾರಗಿತ್ತಿಯ ಮಾನ ಕಾಯುತ್ತಾಳೆ ಎಂದು ಅವಳನ್ನೇ ಇನ್ನಷ್ಟು ಹೊಗಳಿದರು. ಅದು ಕಿವಿಗೆ ಬಿದ್ದಾಗ ಮಾಪಲೇಸಾ ಮಾಂಸದ ಪಾತ್ರೆಯನ್ನು ದೂರ ತಳ್ಳಿದಳು.

ಒಲೆಯ ಹತ್ತಿರ ಕುಳಿತಿದ್ದ ಸೆಖೊಬೆ ಅವಳನ್ನೇ ನೋಡುತ್ತಿದ್ದ.

"ಆಡುಗಳು ಬೆನ್ನು ತಿರುಗಿಸಿದ್ವಾ?"

"ಹೂಂ."

"ನಿಮ್ಮಪ್ಪ ಇದ್ದಿದ್ರೆ ಅವನೂ ಕಲ್ಲೇ ಎತ್ಕೊಳ್ತಿದ್ದ."

ಅವಳಿಗೆ ನಗು ಬಂತು, ತಡೆದುಕೊಂಡಳು. ಹೊಟ್ಟೆಯ ಕೆಂಡ ಆರಿರಲಿಲ್ಲ. ಆದರೆ ಹಸಿವೂ ಆಗಿತ್ತು. ಪಾತ್ರೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಗಂಡನಿಗೂ ಬಡಿಸಿದಳು.