ಎದುರಿನ ತುದಿ

ರೋಣದ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಶರತ ಒಬ್ಬನೇ ಕೂತಿದ್ದರೂ ಹೊರಗೆ ಹಾಯುವವರಿಗೆ ನಾಲ್ಕು ಜನ ಹರಟಿದಂತೆ ಕೇಳಿಸುತ್ತಿತ್ತು. ನರೇಗಲ್ ಸಂತೆಯ ಮೆಣಸಿನಕಾಯಿ ದಲಾಲಿ, ನರಗುಂದ ಬಸ್ಸಿನ ಕಂಡಕ್ಟರು, ಕಾಲೇಜಿನಲ್ಲಿ ಯುದ್ಧದ ಪಾಠ ಹೇಳುತ್ತಲೇ ತೂಕಡಿಸುತ್ತಿದ್ದ ಮೇಷ್ಟ್ರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಈಗೀಗ ಮಾತ್ರ ಹೆಂಡತಿ ಶ್ವೇತಾಳ ದನಿಯೊಂದನ್ನೇ ತೆಗೆಯುತ್ತಿದ್ದ. “ಚಾ ಆರತೈತ್ರಿ” ಎಂದು ಅವಳಂತೆ ತಾನೇ ಕರೆದು, ಆರಿಹೋದ ಚಹಾ ಕುಡಿಯುತ್ತಿದ್ದ.

ಶ್ವೇತಾ ಗಜೇಂದ್ರಗಡದ ನೇಕಾರರ ಮಗಳು. ಕೈಯಲ್ಲೇ ತಯಾರಿಸಿದ, ಮಂಚದಗಲದ ಕೈಕಾಗದದ ಹಾಳೆಯನ್ನು ಗಂಡ ಹೆಂಡತಿ ಎರಡು ತುದಿ ಹಿಡಿದು, ಎದುರುಬದುರು ನಡೆದು ಮಡಚುತ್ತಿದ್ದರು. ನುಣುಪು ಮೈ ಹೊರಗೆ ಬರಬೇಕೆಂಬುದು ಶರತನ ಪಟ್ಟು. ಅವಳ ಕೈ ತವರಿನ ರೂಢಿ ಬಿಡಲೊಲ್ಲದು. ಉಡುವವಳಿಗಿಂತ ಮೊದಲು ಧೂಳು ಮುಟ್ಟಬಾರದೆಂದು ಅವರ ಮನೆಯಲ್ಲಿ ಸೀರೆಯ ಮೈಯನ್ನು ಒಳಗಿಟ್ಟೇ ಮಡಚುತ್ತಾರೆ. ಒಂದು ದಿನ ನರಗುಂದದ ಗಿರಾಕಿಗಳ ಮುಂದೆ ಅವಳು ಮತ್ತೆ ಹಾಗೆ ಮಡಚಿದಾಗ, ಶರತ ಮಾವ ಈಶಪ್ಪನ ದನಿಯನ್ನು ಕೆಮ್ಮಿನ ಸಮೇತ ತೆಗೆದ: “ಮೈ ಒಳಗ ಇರ್ಲೆವ್ವಾ, ಮಾನ ಒಳಗ ಇರ್ಲಿ.” ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರುದಿನ, ಅಪ್ಪನ ಮಗ್ಗಕ್ಕೆ ಕೈ ಬೇಕಾಗಿದೆ ಎಂದು ತವರಿಗೆ ಹೋದವಳು ಫೋನಿನಲ್ಲಿ ಹೂಂ, ಉಹೂಂಗಳಿಗೇ ನಿಂತಳು.

ಬೆಳವಣಕಿಯ ಶಾಲೆಯಿಂದ ಮಕ್ಕಳು ಚಿತ್ರ ಬರೆಯುವ ದೊಡ್ಡ ಪುಸ್ತಕಗಳಿಗೆ ಬೇಡಿಕೆ ಬಂತು. ಶರತ ಒಬ್ಬನೇ ಹಾಳೆ ಮಡಚಿ ನೋಡಿದ. ಈ ಮೂಲೆ ಕೂಡಿಸಿದರೆ ಆ ಮೂಲೆ ಜಾರಿತು. ಚಹಾ ಮಾರುವ ಬಸ್ಯಾನನ್ನು ಎದುರು ನಿಲ್ಲಿಸಿದರೆ ಅವನು ಜಮಖಾನೆಯಂತೆ ಝಾಡಿಸಿದ. ಕೈಕಾಗದದ ಮೇಲೆ ಒಮ್ಮೆ ಬಿದ್ದ ಸುಕ್ಕು ಹೋಗುವುದಿಲ್ಲ. ಉಳಿದ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಶರತ ಗಜೇಂದ್ರಗಡದ ಬಸ್ಸು ಹತ್ತಿದ.

ಕಾಲಿಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಈಶಪ್ಪ ತಲೆಯೆತ್ತಿ, ಬರ್ರಿ ಎಂದು ಕೆಮ್ಮಿದ. ಆ ಕೆಮ್ಮಿಗೆ ಶರತನ ಕಿವಿ ಬಿಸಿಯಾದವು. ಶ್ವೇತಾ ಸುರುಳಿಯನ್ನು ನೋಡಿದಳು. ಎದ್ದು ಬಂದು ಎದುರಿನ ತುದಿ ಹಿಡಿದಳು. ನುಣುಪು ಮೈ ಮೇಲಿತ್ತು; ಹಾಗೆಯೇ ಮಡಚಿದರೆ ಒಳಗೆ ಹೋಗುತ್ತಿತ್ತು. ಅವನು ಹೊರಳಿಸಲೆಂದು ಅವಳು ಕಾದಳು. ಅವನು ಹೊರಳಿಸಲಿಲ್ಲ. ಇಬ್ಬರೂ ನಡೆದು ಬಂದರು. ಮೂಲೆಗೆ ಮೂಲೆ ಕೂಡಿತು, ಬೆರಳಿಗೆ ಬೆರಳು ತಾಗಿತು. ಅವಳು ಮಗ್ಗದ ಹಳೆಯ ಲಾಳಿಯಿಂದ ಮಡಿಕೆಯನ್ನು ತಿಕ್ಕಿ ಕೂರಿಸಿದಳು.

“ಅಪ್ಪನ ದನಿ ತಗದ್ರಿ. ನಂದೂ ತಗೀರಿ ನೋಡೂಣು,” ಎಂದಳು, ತಲೆಯೆತ್ತದೆ.

ಶರತ ಬಾಯಿ ತೆರೆದ. ಅಂಗಡಿಯಲ್ಲಿ ದಿನವೂ ತೆಗೆಯುತ್ತಿದ್ದ ದನಿ ಅವಳೆದುರು ಹೊರಡಲೇ ಇಲ್ಲ.

“ಮಾವನ ದನಿ ಹಂಗ ತಗೀಬಾರದಿತ್ತು. ಮನಿಗೆ ಬಾ,” ಎಂದ. ಅದು ಯಾರ ದನಿಯೆಂದು ಅವನಿಗೇ ಗುರುತು ಹತ್ತಲಿಲ್ಲ.

ಶ್ವೇತಾ ಮಗ್ಗದತ್ತ ನೋಡಿದಳು. ಹಾಸಿನ ನೂಲು ಹೂಡಿ ಶುರುಮಾಡಿದ ಸೀರೆಯನ್ನು ನಡುವೆ ಬಿಟ್ಟೇಳುವ ಪದ್ಧತಿ ಆ ಮನೆಯಲ್ಲಿಲ್ಲ. ನೇಯ್ಗೆ ಇನ್ನೂ ಗೇಣುದ್ದವೂ ಆಗಿರಲಿಲ್ಲ.

“ಈ ಸೀರಿ ಮಗ್ಗದಿಂದ ಇಳೀಲಿ. ಆಮ್ಯಾಲ ನೋಡೂಣಂತ,” ಎಂದು ಮುಂದಿನ ಹಾಳೆ ಎತ್ತಿದಳು. “ಹಿಡೀರಿ.”

ಶರತ ಹಿಡಿದ. ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದು, ಅಲ್ಲಿಂದ ಅವಳ ಕಡೆಗೆ ಸಾಧ್ಯವಾದಷ್ಟು ನಿಧಾನವಾಗಿ ನಡೆದ. ಹಾಳೆಗಳು ಮುಗಿದರೆ ಒಬ್ಬನೇ ರೋಣದ ಬಸ್ಸು ಹಿಡಿಯಬೇಕಾಗಿತ್ತು.